ನಕ್ಷತ್ರದ ಲೆಕ್ಕದಲ್ಲಿ ಮಳೆ: ಹಳ್ಳಿ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ನನ್ನ ಅನುಭವ

ಚಳ್ಳಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಮಳೆಯಾಶ್ರಿತ ಶೇಂಗಾ ಇಲ್ಲಿನ ಮುಖ್ಯ ಬೆಳೆ. ಚಳ್ಳಕೆರೆಗೆ ಎಣ್ಣೆ ಗಿರಣಿಗಳ ಊರೆಂಬ ಹೆಸರು ಬಂದದ್ದೂ ಈ ಶೇಂಗಾದಿಂದಲೇ. ನಾನು ಈ ಶಾಲೆಗೆ ವರ್ಗವಾಗಿ ಬಂದಾಗ ಕಂಪ್ಯೂಟರ್ ಕೊಠಡಿಗೆ ಬೀಗ ಬಿದ್ದಿತ್ತು. ಯಂತ್ರಗಳನ್ನು ಒದಗಿಸಿದ್ದ ಖಾಸಗಿ ಸಂಸ್ಥೆಯ ಗುತ್ತಿಗೆ ಅವಧಿ ಮುಗಿದಿತ್ತು, ಅವರು ನೇಮಿಸಿದ್ದ ಬೋಧಕ ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದ, ಒಳಗಿದ್ದ ಹತ್ತು ಯಂತ್ರಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಕೆಂಪು ಧೂಳು ಕೂತಿತ್ತು.

ರಜೆಯ ಎರಡು ವಾರ ಕೂತು, ಒಂದರ ಬಿಡಿಭಾಗ ಇನ್ನೊಂದಕ್ಕೆ ಹಾಕಿ, ಹತ್ತರಲ್ಲಿ ಆರನ್ನು ಎಬ್ಬಿಸಿದೆ. ಎಲ್ಲಕ್ಕೂ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ. ಅದು ಉಚಿತವೆಂಬುದು ಒಂದು ಕಾರಣವಾದರೆ, ಪೆನ್‌ಡ್ರೈವ್‌ಗಳ ಮೂಲಕ ಪದೇ ಪದೇ ಬರುತ್ತಿದ್ದ ವೈರಸ್ ಕಾಟ ಅದರಿಂದ ನಿಂತಿತೆಂಬುದು ನನಗೆ ಇನ್ನೂ ದೊಡ್ಡ ಕಾರಣ. ಕರೆಂಟಿನ ಲೆಕ್ಕವನ್ನು ಮಕ್ಕಳಿಂದಲೇ ಹಾಕಿಸಿದೆ. ನಮ್ಮಲ್ಲಿದ್ದ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಅವರ್ ಇರುತ್ತದೆ. ಬ್ಯಾಟರಿ ಬಾಳಿಕೆ ಬರಬೇಕೆಂದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು, ಇನ್ವರ್ಟರಿನಲ್ಲೂ ಒಂದಿಷ್ಟು ನಷ್ಟವಾಗುತ್ತದೆ. ಒಂದೊಂದು ಯಂತ್ರ 70 ವಾಟ್ ಎಳೆದರೆ ಆರೂ ಸೇರಿ ಒಂದೂಮುಕ್ಕಾಲು ಗಂಟೆಗಿಂತ ಹೆಚ್ಚು ನಡೆಯುವುದಿಲ್ಲ. ಹೀಗಾಗಿ ಎರಡು ಪೀರಿಯಡ್ ಮಾತ್ರ ಎಂಬ ವೇಳಾಪಟ್ಟಿಯನ್ನು ನಾವೇ ಗೊತ್ತುಮಾಡಿಕೊಂಡೆವು.

ಇಂಟರ್ನೆಟ್ ಇರಲಿಲ್ಲ. ಮೊದಲ ವರ್ಷ ಅದಕ್ಕಾಗಿ ಅರ್ಜಿ ಬರೆದೇ ಕಾಲ ಕಳೆದೆ. ಆಮೇಲೆ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ತಂದು, ಅದರ 64 ಜಿಬಿ ಕಾರ್ಡಿಗೆ ಇಂಟರ್ನೆಟ್ ಇಲ್ಲದೆಯೂ ವಿಕಿಪೀಡಿಯ ಓದಿಸುವ ಕಿವಿಕ್ಸ್ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನೂ ಒಂದಿಷ್ಟು ಗಣಿತ, ವಿಜ್ಞಾನದ ಪಾಠಗಳನ್ನೂ ತುಂಬಿಸಿ, ಕೊಠಡಿಯ ಒಳಗೇ ಸಿಗುವ ವೈಫೈ ಮಾಡಿದೆ. ಕರೆಂಟು ಥಟ್ಟನೆ ಹೋದಾಗ ಆ ಕಾರ್ಡ್ ಎರಡು ಸಲ ಕೆಟ್ಟಿತು. ಮೂರನೆಯ ಸಲ ಕಾರ್ಡನ್ನು ಓದಲು ಮಾತ್ರ ಬರುವಂತೆ ಹೊಂದಿಸಿ, ಅದರದೇ ಪ್ರತಿಯೊಂದನ್ನು ಬೀರುವಿನಲ್ಲಿಟ್ಟೆ. ಹಳ್ಳಿ ಶಾಲೆಯಲ್ಲಿ ಇಂಥ ಕೆಲಸಕ್ಕೆ ಕೈ ಹಾಕುವವರು ಯಂತ್ರಕ್ಕಿಂತ ಮೊದಲು ಈ ಎರಡನೆಯ ಕಾರ್ಡಿಗೆ ದುಡ್ಡು ತೆಗೆದಿಡಲಿ ಎಂದು ಧೈರ್ಯವಾಗಿ ಹೇಳುತ್ತೇನೆ.

ಕೊಠಡಿ ಓಡತೊಡಗಿದ ಮೇಲೂ ನನಗೆ ಸಮಾಧಾನವಿರಲಿಲ್ಲ. ಮಕ್ಕಳು ಹೂವಿನ ಚಿತ್ರ ಬಿಡಿಸುವುದು, ತಮ್ಮ ಹೆಸರು ಟೈಪ್ ಮಾಡಿ ಬಣ್ಣ ಹಾಕುವುದು, ಇಷ್ಟರಲ್ಲೇ ಇದ್ದರು. ಅವರ ಮನೆಯವರಿಗಂತೂ ಕಂಪ್ಯೂಟರ್ ಎಂದರೆ ಭೂಮಿ ಯೋಜನೆ ಬಂದಾಗಿನಿಂದ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಕೊಡುವ ಪೆಟ್ಟಿಗೆ. ಅದು ಏನನ್ನಾದರೂ ಕೊಡುತ್ತದೆಯೇ ಹೊರತು ತಾವು ಅದಕ್ಕೆ ಏನನ್ನೂ ಕೊಡುವಂತಿಲ್ಲ. ನಮ್ಮ ಊರಿನದೇ ಒಂದು ವಿಷಯವನ್ನು ನಮ್ಮ ಮಕ್ಕಳೇ ಅಳೆದು, ತಾವೇ ಅದರೊಳಗೆ ಬರೆಯಬೇಕೆಂದು ನನಗೆ ಅನ್ನಿಸಿತು. ಚಳ್ಳಕೆರೆ ಸೀಮೆಯಲ್ಲಿ ಅಳೆಯಬೇಕಾದದ್ದು ಯಾವುದೆಂದು ಬಹಳ ಯೋಚಿಸಬೇಕಾಗಲಿಲ್ಲ.

ಮಳೆಮಾಪಕವನ್ನು ನಾವೇ ಮಾಡಿದೆವು. ಸಂತೆಯಿಂದ ದೊಡ್ಡ ಪ್ಲಾಸ್ಟಿಕ್ ಆಲಿಕೆ ತಂದು, ಐದು ಲೀಟರಿನ ಎಣ್ಣೆ ಕ್ಯಾನಿನ ಬಾಯಿಗೆ ಕೂರಿಸಿ, ಕ್ಯಾನನ್ನು ಶಾಲೆಯ ಬಯಲಿನಲ್ಲಿ ಮರ, ಗೋಡೆ ಯಾವುದರ ಮರೆಯೂ ಇಲ್ಲದ ಕಡೆ ಅರ್ಧ ಹೂತೆವು. ಬಿದ್ದ ನೀರನ್ನು ಪ್ರಯೋಗಾಲಯದ ಅಳತೆ ಜಾಡಿಗೆ ಸುರಿದು ಮಿಲಿಲೀಟರಿನಲ್ಲಿ ಓದುವುದು, ಅದನ್ನು ಆಲಿಕೆಯ ಬಾಯಿಯ ವಿಸ್ತೀರ್ಣದಿಂದ ಭಾಗಿಸಿ ಮಿಲಿಮೀಟರಿಗೆ ತರುವುದು, ಇಷ್ಟೇ ಕೆಲಸ. ಭಾರತೀಯ ಹವಾಮಾನ ಇಲಾಖೆಯ ಪದ್ಧತಿಯಂತೆ ದಿನಾ ಬೆಳಿಗ್ಗೆ 8.30ಕ್ಕೆ ಓದುವುದೆಂದು ಮಾಡಿಕೊಂಡೆವು. ಶಾಲೆಯ ಹತ್ತಿರವೇ ಮನೆಯಿರುವ ಇಬ್ಬರಿಗೆ ಒಂದೊಂದು ತಿಂಗಳಂತೆ ಆ ಜವಾಬ್ದಾರಿ ಹಂಚಿದೆ.

ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದ ಲೆಕ್ಕದ ಹಾಳೆಯಲ್ಲಿ ದಿನಾಂಕ, ಮಿಲಿಲೀಟರ್, ಮಿಲಿಮೀಟರ್ ಎಂದು ಮೂರು ಕಂಬಸಾಲುಗಳನ್ನು ಹಾಕಿದೆವು. ಕನ್ನಡ ಬರೆಯುವುದರಲ್ಲೇ ಮೊದಲ ತೊಡಕು ಬಂತು. ಕಚೇರಿಯ ಯಂತ್ರದಲ್ಲಿ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪ್ ಮಾಡಿಟ್ಟಿದ್ದ ಹೆಸರುಗಳನ್ನು ನಮ್ಮ ಯಂತ್ರದಲ್ಲಿ ತೆರೆದರೆ ಒಂದಕ್ಕೊಂದು ಸಂಬಂಧವಿಲ್ಲದ ಪರದೇಶದ ಗುರುತುಗಳು ಕಾಣುತ್ತಿದ್ದವು. ಅಂದಿನಿಂದ ಎಲ್ಲವನ್ನೂ ಯಾವ ಯಂತ್ರದಲ್ಲಿ ತೆರೆದರೂ ಅದೇ ಅಕ್ಷರವಾಗಿ ಕಾಣುವ ಯೂನಿಕೋಡಿನಲ್ಲೇ ಬರೆಯಬೇಕೆಂದು ಕಟ್ಟುಮಾಡಿದೆ. ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದ್ದು. ಉಚ್ಚಾರಣೆಯ ಜಾಡಿನಲ್ಲೇ ಬೆರಳು ಹೋಗುವುದರಿಂದ ಮಕ್ಕಳು ಒಂದು ವಾರದಲ್ಲಿ ಅದನ್ನು ಕಲಿತರು.

ಜೂನ್, ಜುಲೈ ಮುಗಿದ ಮೇಲೆ ತಿಂಗಳವಾರು ಮೊತ್ತವನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಲಿನ ಡೇರಿಯ ಗೋಡೆಗೆ ಅಂಟಿಸಿದೆವು. ಯಾರೂ ಅದರ ಮುಂದೆ ನಿಲ್ಲಲಿಲ್ಲ. ಎರಡು ದಿನ ಬಿಟ್ಟು ಹಾಲು ಹಾಕಲು ಬಂದಿದ್ದ ಒಬ್ಬ ಹಿರಿಯರನ್ನು ನಾನೇ ಕೇಳಿದೆ. ಅವರು ಹಾಳೆಯನ್ನು ಒಮ್ಮೆ ನೋಡಿ, "ಮೇಷ್ಟ್ರೇ, ಜೂನು ಜುಲೈ ಕಟ್ಕಂಡು ನಾವೇನ್ ಮಾಡಾಣ? ಆರಿದ್ರೆ ಎಷ್ಟು ಬಂತು, ಪುಷ್ಯ ಎಷ್ಟು ಬಂತು ಅಂತ ಬರೀರಿ" ಎಂದರು.

ನಾನು ಇಪ್ಪತ್ತು ವರ್ಷದಿಂದ ಗಣಿತ ಹೇಳುತ್ತಿದ್ದರೂ ಹೊಳೆಯದೇ ಇದ್ದ ವಿಷಯ ಅದು. ನಮ್ಮ ರೈತರ ವರ್ಷ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ನಡೆಯುತ್ತದೆ. ಮೇ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರಕ್ಕೆ ಮೃಗಶಿರ, ಆಮೇಲೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಹೀಗೆ ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಯಾವ ಮಳೆಗೆ ಬಿತ್ತನೆ, ಯಾವ ಮಳೆಗೆ ಎಡೆ ಹೊಡೆಯುವುದು, ಯಾವ ಮಳೆ ತಪ್ಪಿದರೆ ಶೇಂಗಾದ ಊಡು (ಹೂವಿನಿಂದ ಮಣ್ಣಿಗಿಳಿದು ಕಾಯಾಗುವ ಎಳೆ) ಇಳಿಯುವುದಿಲ್ಲ ಎಂಬುದೆಲ್ಲ ಅವರಿಗೆ ಈ ಹೆಸರುಗಳಲ್ಲೇ ಗೊತ್ತು. ಜುಲೈ ತಿಂಗಳ ಮೊತ್ತವೆಂದರೆ ಆರಿದ್ರೆಯ ಬಾಲ, ಪುನರ್ವಸು ಪೂರ್ತಿ, ಪುಷ್ಯದ ಬಹುಪಾಲು, ಮೂರೂ ಕಲಸಿದ ಮುದ್ದೆ. ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ.

ಪಂಚಾಂಗ ನೋಡಿ ಪ್ರತಿ ಮಳೆ ಹುಟ್ಟುವ ದಿನಾಂಕವನ್ನು ಬೇರೆ ಹಾಳೆಯಲ್ಲಿ ಬರೆದೆವು. ದಿನಾಂಕ ಕೊಟ್ಟರೆ ಅದು ಯಾವ ಮಳೆಯೆಂದು ಆ ಪಟ್ಟಿಯಲ್ಲಿ ಹುಡುಕಿ ತೋರಿಸುವ ವಿಲುಕಪ್ ಸೂತ್ರವನ್ನೂ, ಒಂದೊಂದು ಮಳೆಯನ್ನು ಪ್ರತ್ಯೇಕವಾಗಿ ಕೂಡಿಸುವ ಸಮ್‌ಇಫ್ ಸೂತ್ರವನ್ನೂ ಒಂಬತ್ತನೆಯ ತರಗತಿಯವರಿಗೆ ಕಲಿಸಿದೆ. ಆವರೆಗೆ ಸೂತ್ರವೆಂದರೆ ಮುಖ ತಿರುಗಿಸುತ್ತಿದ್ದ ಮಕ್ಕಳು ಪುಷ್ಯದ ಮೊತ್ತ ತನ್ನಿಂದ ತಾನೇ ಪರದೆಯಲ್ಲಿ ಮೂಡಿದಾಗ ಬೆಂಚಿನಿಂದ ಎದ್ದು ನಿಂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹೊಸ ಹಾಳೆ ಅಂಟಿಸಿದ ದಿನವೇ ಡೇರಿಯ ಮುಂದೆ ಜನ ಸೇರಿದರು. ಸೇರಿದ್ದಷ್ಟೇ ಅಲ್ಲ, ಒಂದು ತಪ್ಪನ್ನೂ ಹಿಡಿದರು. ಆಶ್ಲೇಷ ಹುಟ್ಟಿದ ಮೊದಲ ದಿನಕ್ಕೆ ನಾವು ಬರೆದಿದ್ದ ಮಳೆ ನಿಜವಾಗಿ ಅದರ ಹಿಂದಿನ ಸಂಜೆ, ಪುಷ್ಯದ ಕೊನೆಗೆ, ಬಂದದ್ದು ಎಂದು ಮೂರು ಜನ ಒಟ್ಟಿಗೆ ಹೇಳಿದರು. ಅವರ ಮಾತೇ ಸರಿ. ಬೆಳಿಗ್ಗೆ 8.30ಕ್ಕೆ ಓದುವುದು ಹಿಂದಿನ 24 ಗಂಟೆಯ ಮಳೆಯನ್ನು. ನಾವು ಅಳೆದ ದಿನವನ್ನೇ ಬಿದ್ದ ದಿನವೆಂದು ತಿಳಿದಿದ್ದೆವು. ಅಂದಿನಿಂದ 'ಅಳೆದ ದಿನ', 'ಬಿದ್ದ ದಿನ' ಎಂದು ಎರಡು ಕಂಬಸಾಲು ಮಾಡಿ, ಮಳೆ ಯಾವ ಹೊತ್ತಿಗೆ ಬಂತೆಂದು ಕೇಳಿ ಬರೆಯುವುದನ್ನೂ ರೂಢಿಸಿಕೊಂಡೆವು. ಓದು ಬಾರದ ಹಿರಿಯರೊಬ್ಬರು ಮೊಮ್ಮಗಳಿಂದ ಓದಿಸಿಕೊಂಡು ನಮ್ಮ ಕೋಷ್ಟಕವನ್ನು ತಿದ್ದಿದರು ಎಂಬುದಕ್ಕಿಂತ ಹೆಚ್ಚಿನ ಪ್ರಶಸ್ತಿ ಆ ಕೊಠಡಿಗೆ ಬೇಕಿರಲಿಲ್ಲ.

ಮಿಲಿಮೀಟರ್ ಎಂಬ ಮಾತು ಮಾತ್ರ ಅವರಿಗೆ ಆಗಲೂ ದೂರವೇ ಇತ್ತು. ಒಂದು ಬೆಳಿಗ್ಗೆ ಜಾಡಿಯಲ್ಲಿ ಒಟ್ಟು 432 ಮಿಲಿಲೀಟರ್ ಸಿಕ್ಕಿತು, ನಮ್ಮ ಆಲಿಕೆಯ ಲೆಕ್ಕಕ್ಕೆ 20 ಮಿಲಿಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ಎಕರೆಗೆ ಸುಮಾರು 4047 ಚದರ ಮೀಟರ್. ಹಾಗಾದರೆ ಒಂದು ಎಕರೆಗೆ ಎಷ್ಟು ನೀರು ಬಿತ್ತು ಎಂದು ತರಗತಿಯಲ್ಲಿ ಕೇಳಿದೆ. ಸುಮಾರು 81 ಸಾವಿರ ಲೀಟರ್ ಎಂದು ಉತ್ತರ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಅದನ್ನು 5000ದಿಂದ ಭಾಗಿಸಿ, "ಹದಿನಾರು ಟ್ಯಾಂಕರ್ ಸಾರ್" ಎಂದ. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಎಷ್ಟು ಕೊಡಬೇಕೆಂದು ಪ್ರತಿ ಮನೆಗೂ ಗೊತ್ತಿರುವ ಊರು ನಮ್ಮದು. ಅಂದಿನಿಂದ ಹಾಳೆಯಲ್ಲಿ ಮಿಲಿಮೀಟರಿನ ಪಕ್ಕ 'ಎಕರೆಗೆ ಟ್ಯಾಂಕರ್' ಎಂಬ ಕಂಬಸಾಲೂ ಸೇರಿತು.

ಮಳೆಯ ಗಾದೆಗಳನ್ನೂ ಮಕ್ಕಳು ಮನೆಮನೆಯಿಂದ ಕೂಡಿಸಿ ತಂದು ಅದೇ ಕಡತದಲ್ಲಿ ಬರೆದರು. 'ಆರಿದ್ರೆ ಮಳೆ ಆರದೆ ಹುಯ್ಯುತ್ತೆ' ಎಂಬುದು ನಮ್ಮ ಕಡೆ ಒಮ್ಮೆಯೂ ಹೊಂದಿಕೆಯಾಗಲಿಲ್ಲ. ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲಿ ಸುರಿದು ಮುಗಿಸಿ, ನಮ್ಮ ಮೇಲೆ ಬರೀ ಗಾಳಿಯಾಗಿ ಹಾಯುವ ದಿನಗಳವು. ನಮಗೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಮಳೆ ನೆರಳಿನ ಪ್ರದೇಶವೆಂಬ ಭೂಗೋಳದ ಪಾಠವನ್ನು ಸಮಾಜ ವಿಜ್ಞಾನದ ಮೇಡಂ ಈ ಕೋಷ್ಟಕ ಹಿಡಿದೇ ಮಾಡಿದರು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸೌರಶಕ್ತಿಯ ಸ್ವಯಂಚಾಲಿತ ಮಳೆಮಾಪಕಗಳನ್ನು ಹಾಕಿದೆ. ಅವು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ನಮ್ಮ ಪಂಚಾಯಿತಿಯ ಮಾಪಕ ಶಾಲೆಯಿಂದ ಮೂರು ಕಿಲೋಮೀಟರ್ ದೂರ. ನನ್ನ ಮೊಬೈಲಿನಲ್ಲಿ ಅದರ ಅಂಕಿ ತೆಗೆದು ನಮ್ಮದರೊಡನೆ ಇಟ್ಟು ನೋಡಿದಾಗ ಹೊಂದಿಕೆಯಾಗಲಿಲ್ಲ. ಒಂದು ದಿನ ನಮ್ಮದು ಹೆಚ್ಚು, ಇನ್ನೊಂದು ದಿನ ಅವರದು. ಕೆರೆಯ ಈ ಏರಿಗೆ ಬಂದ ಮಳೆ ಆ ಏರಿಗೆ ಬಾರದ ನಾಡಿನಲ್ಲಿ ಇದು ಸಹಜವೆಂದು ನಾನು ಸುಮ್ಮನಾಗುವುದರಲ್ಲಿದ್ದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಬಿಡಲಿಲ್ಲ. ಆಲಿಕೆಯನ್ನು ಕಿತ್ತು ತಂದು ನನ್ನ ಮೇಜಿನ ಮೇಲಿಟ್ಟು, "ಮಳೆ ಒಳಗೆ ಬೀಳೋದು ಒಳಅಂಚಿನಿಂದ ಅಲ್ವಾ ಸಾರ್, ನಾವು ಹೊರಅಂಚು ಅಳೆದೀವಿ" ಎಂದಳು. ಸ್ಕೇಲ್ ಇಟ್ಟು ನೋಡಿದರೆ ಹೊರಗಿನ ವ್ಯಾಸ 16.6 ಸೆಂಟಿಮೀಟರ್, ಒಳಗಿನದು 16. ಒಳವಿಸ್ತೀರ್ಣ 201 ಚದರ ಸೆಂಟಿಮೀಟರ್, ಅಂದರೆ 20.1 ಮಿಲಿಲೀಟರಿಗೆ ಒಂದು ಮಿಲಿಮೀಟರ್. ನಾವು ಆವರೆಗೆ 21.6ರಿಂದ ಭಾಗಿಸುತ್ತಿದ್ದೆವು, ಪ್ರತಿ ಮಳೆಯನ್ನೂ ಶೇಕಡಾ 7ರಷ್ಟು ಕಡಿಮೆ ತೋರಿಸಿದ್ದೆವು. ಮೂರು ಮಿಲಿಮೀಟರ್ ದಪ್ಪದ ಒಂದು ಅಂಚು ಅಷ್ಟು ಮಾಡಿತ್ತು.

ಆ ಭಾಜಕವನ್ನು ಹಾಳೆಯ ಮೂಲೆಯ ಒಂದೇ ಮನೆಯಲ್ಲಿ (ಸೆಲ್‌ನಲ್ಲಿ) ಇಟ್ಟಿದ್ದೆವು. ಹುಡುಗಿ ಅಲ್ಲಿ 21.6 ಅಳಿಸಿ 20.1 ಬರೆದಳು, ಇಡೀ ಹಂಗಾಮಿನ ಕಂಬಸಾಲು, ಪ್ರತಿ ನಕ್ಷತ್ರದ ಮೊತ್ತ, ಟ್ಯಾಂಕರಿನ ಲೆಕ್ಕ ಎಲ್ಲವೂ ಕಣ್ಣೆದುರಿಗೇ ಸರಿಯಾದವು. ಪಂಚಾಯಿತಿಯ ಅಂಕಿಯೊಡನೆ ವ್ಯತ್ಯಾಸ ಆಮೇಲೂ ಉಳಿಯಿತು. ಆದರೆ ಅದು ಮಳೆಯದೇ ವ್ಯತ್ಯಾಸ, ನಮ್ಮ ಕೈತಪ್ಪಲ್ಲ.

2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಮಾಪಕವನ್ನು ಒಬ್ಬ ವಿದ್ಯಾರ್ಥಿಯ ಹಿತ್ತಲಿಗೆ ಸಾಗಿಸಿದೆವು. ಅವನು ಅಪ್ಪನ ಕೀಪ್ಯಾಡ್ ಮೊಬೈಲಿನಿಂದ ಮಿಲಿಲೀಟರನ್ನು ನನಗೆ ಸಂದೇಶ ಕಳಿಸುತ್ತಿದ್ದ. ಮನೆಗೊಂದು ಸ್ಮಾರ್ಟ್‌ಫೋನ್ ಇಲ್ಲದ ಊರಿನಲ್ಲಿ ಆನ್‌ಲೈನ್ ಪಾಠ ಹೇಗೆ ಸೋತಿತೆಂದು ನಾನು ಕಂಡಿದ್ದೇನೆ, ಆದರೆ ಒಂದು ಅಂಕಿಯನ್ನು ಕಳಿಸಲು ಯಾವ ಫೋನಾದರೂ ಸಾಕಾಯಿತು. ಆ ವರ್ಷ ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯನ್ನು ರೈತರೇ ಆ್ಯಪ್ ಮೂಲಕ ಮಾಡಬಹುದೆಂದಾಯಿತು. ನಮ್ಮ ಮಕ್ಕಳು ಫೋನ್ ಇದ್ದವರ ಜೊತೆ ಹೊಲಗಳಿಗೆ ಹೋಗಿ, ಸರ್ವೆ ನಂಬರಿನ ಒಳಗೇ ನಿಂತು ಫೋಟೊ ತೆಗೆದು, ಶೇಂಗಾ ಇದ್ದ ಕಡೆ ಶೇಂಗಾ ಎಂದೇ ದಾಖಲಾಗುವಂತೆ ನೋಡಿಕೊಂಡರು. ಹೊಲದಲ್ಲೊಂದು ಬೆಳೆ, ದಾಖಲೆಯಲ್ಲೊಂದು ಬೆಳೆ ಇದ್ದ ಕಾರಣಕ್ಕೆ ವಿಮೆಯ ಹಣ ತಪ್ಪಿದ ಮನೆಗಳು ನಮ್ಮೂರಲ್ಲಿ ಇವೆ. ನಾವು ಬರೆದ ಮಳೆಯ ಲೆಕ್ಕವನ್ನು ವಿಮೆಗೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕೆಂದು ನಾನು ಹೇಳುವುದೂ ಇಲ್ಲ. ಆದರೆ ಅದನ್ನು ನೋಡಿದವರು ಪಂಚಾಯಿತಿಯ ಮಾಪಕದ ಅಂಕಿ ಏನು ಹೇಳುತ್ತದೆಂದು ಕಚೇರಿಯಲ್ಲಿ ಹೆಸರಿಟ್ಟು ಕೇಳಲು ಕಲಿತಿದ್ದಾರೆ.

ಮೂರು ಬೇಸಿಗೆ ಕಂಡ ಆಲಿಕೆ ಬಿಸಿಲಿಗೆ ಸೀಳು ಬಿಟ್ಟಿತು. ಈ ಸಲ ಪಾತ್ರೆ ಅಂಗಡಿಯಿಂದ ಸ್ಟೀಲಿನದನ್ನು ತಂದೆವು. ಒಳವ್ಯಾಸವನ್ನು ಮೂವರು ಮೂರು ಸಲ ಅಳೆದರು. 15 ಸೆಂಟಿಮೀಟರ್, ಭಾಜಕ 17.7. ಎಂಟನೆಯ ತರಗತಿಯ ಹುಡುಗ ಉತ್ಸಾಹದಿಂದ ಮೂಲೆಯ ಮನೆಯಲ್ಲಿ 20.1 ಅಳಿಸಲು ಹೋದಾಗ ಪಕ್ಕದಲ್ಲಿದ್ದವಳು ಅವನ ಕೈ ಹಿಡಿದಳು. ಹಾಗೆ ಮಾಡಿದರೆ ಹಳೆಯ ಮಳೆಯೆಲ್ಲ ಹೊಸ ಆಲಿಕೆಯಲ್ಲಿ ಬಿದ್ದಂತಾಗುತ್ತದೆ. ಇಬ್ಬರೂ ಸೇರಿ 'ಆಲಿಕೆ' ಎಂಬ ಹೊಸ ಕಂಬಸಾಲು ತೆರೆದು, ಹಿಂದಿನ ಸಾಲುಗಳಿಗೆಲ್ಲ 20.1 ತುಂಬಿ, ರೋಹಿಣಿ ಹುಟ್ಟುವ ದಿನದಿಂದ ಮುಂದಕ್ಕೆ 17.7 ಎಂದು ಬರೆದರು.