ಮಳೆಗಾಲದಲ್ಲಿ ಅಕ್ವೇರಿಯಂ ನೀರು ಬದಲಿಸುವ ಬಗೆ

ಕಳೆದ ಆಷಾಢದಲ್ಲಿ ತಂತಿಯ ಮೇಲೆ ಮರ ಬಿದ್ದು ಕುಮಟಾದ ನಮ್ಮ ಕೇರಿಗೆ ಎರಡು ದಿನ ಕರೆಂಟು ಇರಲಿಲ್ಲ. ಪಕ್ಕದ ಮನೆಯ ಅಕ್ವೇರಿಯಂನಲ್ಲಿ ಫಿಲ್ಟರ್ ನಿಂತಿತ್ತು, ಗಾಳಿ ಪಂಪ್ ನಿಂತಿತ್ತು. ಆದರೂ ಹನ್ನೆರಡು ಮೀನುಗಳಲ್ಲಿ ಒಂದೂ ಸಾಯಲಿಲ್ಲ. ಮೂರನೆಯ ದಿನ ಕರೆಂಟು ಬಂತು. ಮನೆಯವರು ಮೀನಿನ ಮೇಲಿನ ಅಕ್ಕರೆಯಿಂದಲೇ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ, ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ಪಾತ್ರೆ ತೊಳೆಯುವ ಸಾಬೂನಿನಲ್ಲಿ ತಿಕ್ಕಿ, ನಲ್ಲಿ ನೀರು ತುಂಬಿದರು. ಸಂಜೆಯ ಹೊತ್ತಿಗೆ ಹನ್ನೆರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ‘ಮೀನು ಬಹಳ ನಾಜೂಕು, ನಮಗೆ ಆಗಿಬರುವುದಿಲ್ಲ’ ಎಂದರು ಆ ಮನೆಯ ಅಕ್ಕ. ಶಿರಸಿ, ಅಂಕೋಲಾ, ಕಾರವಾರದ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳಿ ನನಗೆ ಸಂಕಟವಾಗಿದೆ.

ನಾವು ತಿಳಿದಷ್ಟು ನಾಜೂಕಿನ ಜೀವ ಅದಲ್ಲ. ಮಲೇರಿಯಾ ತಡೆಯಲು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವುದು ಅಕ್ವೇರಿಯಂನಲ್ಲಿ ಸಾಕುವ ಇದೇ ಗಪ್ಪಿ ಮೀನನ್ನು. ಮೊಲ್ಲಿಯನ್ನು ನಿಧಾನವಾಗಿ ಒಗ್ಗಿಸಿದರೆ ಸಮುದ್ರದ ಉಪ್ಪು ನೀರಿನಲ್ಲೂ ಬದುಕುತ್ತದೆ. ಫೈಟರ್, ಗೌರಾಮಿಗಳಿಗೆ ಮೇಲಿನ ಗಾಳಿಯನ್ನೇ ಗುಟುಕರಿಸಿ ಉಸಿರಾಡಲು ತಲೆಯೊಳಗೆ ಬೇರೆ ಅಂಗವೇ ಇದೆ. ನಮ್ಮ ಮನೆಯ ಫೈಟರ್ ಒಂದು ರಾತ್ರಿ ಹೊರಗೆ ಹಾರಿ, ಬೆಳಿಗ್ಗೆ ಮೇಜಿನಡಿ ಮೈತುಂಬ ಧೂಳು ಮೆತ್ತಿಕೊಂಡು ಬಿದ್ದಿತ್ತು. ಸತ್ತಿತೆಂದು ಕಾಗದದಲ್ಲಿ ಎತ್ತುವಾಗ ಕಿವಿರಿನ ಮುಚ್ಚಳ ಒಮ್ಮೆ ಅಲುಗಿತು. ಮಳೆಗಾಲದ ಒದ್ದೆ ನೆಲ ಅದರ ಮೈ ಒಣಗಲು ಬಿಟ್ಟಿರಲಿಲ್ಲ. ತೊಟ್ಟಿಗೆ ಬಿಟ್ಟ ಮೇಲೆ ಎರಡು ವರ್ಷ ಬದುಕಿತು. ಅಂದಿನಿಂದ ನಮ್ಮ ತೊಟ್ಟಿಗೆ ಮುಚ್ಚಳವಿದೆ, ನಿಮ್ಮದಕ್ಕೂ ಇರಲಿ.

ಕರೆಂಟು ಹೋದಾಗ ಮಾಡಬೇಕಾದದ್ದು ಸ್ವಲ್ಪವೇ. ಆಹಾರ ಹಾಕಬೇಡಿ, ಆರೋಗ್ಯವಾಗಿರುವ ದೊಡ್ಡ ಮೀನು ವಾರ ಕಾಲ ಉಪವಾಸ ತಡೆಯುತ್ತದೆ. ಗಂಟೆಗೊಮ್ಮೆ ಲೋಟದಲ್ಲಿ ನೀರು ಮೊಗೆದು ಒಂದು ಗೇಣು ಎತ್ತರದಿಂದ ಹತ್ತಿಪ್ಪತ್ತು ಸಲ ಸುರಿಯಿರಿ. ಗಾಳಿ ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ. ಕೆಳಗಿದ್ದರೆ ಅದು ನಿಂತೊಡನೆ ನೀರು ಕೊಳವೆಯಲ್ಲಿ ಹಿಮ್ಮುಖವಾಗಿ ಹರಿದು ಪಂಪೂ ಕೆಡುತ್ತದೆ, ನೆಲವೂ ತೋಯುತ್ತದೆ.

ಎಲ್ಲರೂ ಎಡವುವುದು ನೀರು ಬದಲಿಸುವಾಗ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಆ ವಿಷವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುವುದು ಸ್ಪಂಜು, ಕಲ್ಲುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಸಾಬೂನು, ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ಆ ವಾರಗಳ ಕೆಲಸ ಒಂದೇ ದಿನದಲ್ಲಿ ಹಾಳು. ಇನ್ನೊಂದು ಅಪಾಯವಿದೆ. ಬಹಳ ದಿನ ಬದಲಿಸದ ನೀರು ಆಮ್ಲೀಯವಾಗಿರುತ್ತದೆ. ಅದರಲ್ಲಿ ಅಮೋನಿಯಾದ ಹೆಚ್ಚಿನ ಪಾಲು ಅಷ್ಟು ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ಒಮ್ಮೆಲೇ ಬಹಳಷ್ಟು ಹೊಸ ನೀರು ಸುರಿದು ಆಮ್ಲತೆ ಇಳಿಸಿದರೆ ಅದು ಮತ್ತೆ ವಿಷವಾಗುತ್ತದೆ. ಕೊಳಕು ನೀರಿನಲ್ಲಿ ಬದುಕಿದ್ದ ಮೀನು ಶುಭ್ರ ನೀರಿನಲ್ಲಿ ಸಾಯಲು ಇದೂ ಒಂದು ಕಾರಣ.

ಆದ್ದರಿಂದ ಹಿಂದಿನ ದಿನವೇ ಬಕೆಟ್ ತುಂಬಿ, ತೆರೆದೇ ತೊಟ್ಟಿಯ ಪಕ್ಕದಲ್ಲಿಡಿ. ಒಂದು ದಿನದಲ್ಲಿ ಕ್ಲೋರಿನ್ ಹಾರಿಹೋಗುತ್ತದೆ, ನೀರಿನ ಬಿಸಿಯೂ ಸಮನಾಗುತ್ತದೆ. ನಮ್ಮದು ಬಾವಿ ನೀರು, ಚಿಂತೆಯಿಲ್ಲ ಎನ್ನುವವರು ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದನ್ನು ಮರೆಯುತ್ತಾರೆ. ಮೂಸಿ ನೋಡಿ. ಅವಸರವಿದ್ದರೆ ಅಂಗಡಿಯ ಆ್ಯಂಟಿ ಕ್ಲೋರಿನ್ ಹನಿ ಸಾಕು. ಆದರೆ ಮೀನಿನ ಎಲ್ಲ ಕಾಯಿಲೆಗೂ ಇದೊಂದೇ ಎಂದು ಕೊಡುವ ನೀಲಿ ಔಷಧಿಯನ್ನು ಮುಖ್ಯ ತೊಟ್ಟಿಗೆ ಸುರಿಯಲೇಬೇಡಿ; ಅದು ಈ ಬ್ಯಾಕ್ಟೀರಿಯಾಗಳಿಗೂ ಮಾರಕ.

ಮರುದಿನ ಕೊಳವೆಯಿಂದ ತಳದ ಕೊಳೆಯನ್ನು ಎಳೆಯುತ್ತ ಕಾಲು ಭಾಗ ನೀರು ತೆಗೆಯಿರಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಗೆ ಸುಮಾರು 54 ಲೀಟರ್ ಹಿಡಿಯುತ್ತದೆ. ಅಂದರೆ 13 ಲೀಟರ್, ಒಂದು ಬಕೆಟ್. ಅಷ್ಟೇ. ಮೀನುಗಳನ್ನು ಹೊರಗೆ ತೆಗೆಯಬೇಕಾಗಿಲ್ಲ. ತೊಟ್ಟಿಯಿಂದ ತೆಗೆದ ಆ ಹಳೆಯ ನೀರಿನಲ್ಲೇ ಸ್ಪಂಜನ್ನು ಮೂರು ಸಲ ಹಿಂಡಿ. ಕಷಾಯದ ಬಣ್ಣದ ಕೊಳೆ ಹೊರಬರುತ್ತದೆ. ಸ್ಪಂಜು ಕಂದಾಗಿಯೇ ಉಳಿಯಬೇಕು, ಬಿಳಿಯಾಗಬಾರದು. ಗಾಜಿನ ಪಾಚಿಗೆ ಹಳೆಯ ಎಟಿಎಂ ಕಾರ್ಡಿನ ಅಂಚು ಸಾಕು. ಹೊಸ ನೀರನ್ನು ತಟ್ಟೆಯ ಮೇಲೆ ಬೀಳುವಂತೆ ನಿಧಾನವಾಗಿ ಸುರಿಯಿರಿ. ಇದನ್ನು ವಾರಕ್ಕೊಮ್ಮೆ ಮಾಡಿದರೆ ಪೂರ್ತಿ ತೊಳೆಯುವ ಪ್ರಸಂಗವೇ ಬರುವುದಿಲ್ಲ.

ದುಂಡು ಗಾಜಿನ ಬಟ್ಟಲನ್ನು ಮಾತ್ರ ಕೊಳ್ಳಬೇಡಿ. ಅದರಲ್ಲಿ ಗೋಲ್ಡ್ ಫಿಷ್ ಸಾಕುವುದನ್ನು ನಾನು ಒಪ್ಪುವುದೇ ಇಲ್ಲ; ನೀರು ಕಡಿಮೆ, ವಿಷ ಬೇಗ ಏರುತ್ತದೆ. ಸಾಕಲಾಗದ ಮೀನನ್ನು ಅಘನಾಶಿನಿ ನದಿಗೋ ಊರ ಕೆರೆಗೋ ಬಿಡಲೂ ಬೇಡಿ, ಅಂಗಡಿಗೆ ಹಿಂದಿರುಗಿಸಿ. ಗಟ್ಟಿ ಜೀವದ ಸಕ್ಕರ್ ಮೀನು ಅಲ್ಲಿ ಬೇರೂರಿದರೆ ನಮ್ಮ ನೀರಿನ ಮೀನುಗಳಿಗೇ ಕುತ್ತು.

ನೀರು ಬದಲಿಸಿದ ದಿನ ಆಹಾರ ಬೇಡ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಕಿವಿರು ಕೆಂಪಾಗಿ ಉಬ್ಬಿದ್ದರೆ, ಕೂಡಲೇ ಇಡೀ ತೊಟ್ಟಿಯ ಅಳತೆಗೆ ಆ್ಯಂಟಿ ಕ್ಲೋರಿನ್ ಹಾಕಿ, ಗಾಳಿ ಪಂಪ್ ಜೋರು ಮಾಡಿ. ಬೆಳಿಗ್ಗೆ ಎಲ್ಲವೂ ಸಲೀಸಾಗಿ ಓಡಾಡುತ್ತಿದ್ದರೆ ಚಿಟಿಕೆ ಆಹಾರ ಉದುರಿಸಿ. ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು ಮಾತ್ರ.