ಡಬಲ್ ಟ್ರೇಲರ್ ಸುತ್ತ ಕೆಲಸ: ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು

ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಅಥಣಿ ಕಡೆ ಹೊಲದಿಂದ ಕಾರ್ಖಾನೆ ಯಾರ್ಡ್‌ವರೆಗೂ ಡಬಲ್ ಟ್ರೇಲರ್‌ಗಳದ್ದೇ ಓಡಾಟ, ಅಂದರೆ ಒಂದೇ ಟ್ರ್ಯಾಕ್ಟರ್ ಹಿಂದೆ ಎರಡು ಟ್ರೇಲರ್. ರಸ್ತೆ ಮೇಲಿನ ವೇಗಕ್ಕೆ ಎಲ್ಲರೂ ಹೆದರುತ್ತಾರೆ. ಗಾಡಿ ಅರ್ಧ ಅಡಿ ಹಿಂದೆ ಸರಿಯುವಾಗ ಯಾರೂ ಹೆದರುವುದಿಲ್ಲ, ಜೀವ ಹೋಗಲು ಅಷ್ಟೇ ಸಾಕು.

ಟ್ರೇಲರ್ ಜೋಡಿಸುವ ಮೊದಲು ಅದರ ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಡಿ. ಮೂಕಿಯನ್ನು, ಅಂದರೆ ಟ್ರೇಲರ್ ಮುಂದೆ ಚಾಚಿದ ಎಳೆಯುವ ಕಬ್ಬಿಣವನ್ನು, ಕೈಯಲ್ಲಿ ಎತ್ತಿ ಹಿಡಿದು ನಿಲ್ಲಬೇಡಿ. ಟ್ರ್ಯಾಕ್ಟರಿನ ಕೊಂಡಿಯ ಎತ್ತರಕ್ಕೆ ಸ್ಟ್ಯಾಂಡ್ ಅಥವಾ ಗಟ್ಟಿ ಕಟ್ಟಿಗೆ ಕೊಟ್ಟು ನಿಲ್ಲಿಸಿ. ಸನ್ನೆ ಮಾಡುವವರು ಒಬ್ಬರೇ ಇರಲಿ, ಗಾಲಿಯ ದಾರಿ ಬಿಟ್ಟು ಡ್ರೈವರಿಗೆ ಕಾಣುವಂತೆ ಪಕ್ಕದಲ್ಲಿ ನಿಲ್ಲಲಿ. ಅವರು ಕಾಣದಾದ ಕೂಡಲೇ ಬ್ರೇಕ್ ಒತ್ತಬೇಕು. ಹಾಡೂ ಆಗ ಬಂದ್ ಇರಲಿ; ಅಷ್ಟು ದೊಡ್ಡ ಸ್ಪೀಕರ್ ಹಚ್ಚಿದ ಮೇಲೆ ಕೂಗಿದ್ದು ಯಾರಿಗೆ ಕೇಳಬೇಕು? ಕೊಂಡಿಯ ತೂತಿಗೆ ಮೂಕಿಯ ತೂತು ಕೂಡಿದ ಮೇಲೆ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಇಂಜಿನ್ ಬಂದ್. ಆಮೇಲಷ್ಟೇ ನಡುವೆ ಹೋಗಿ ಪಿನ್ ಹಾಕಿ. ಕೂಡದಿದ್ದರೆ ಹೊರಗೆ ಬಂದು ಮತ್ತೆ ಸನ್ನೆ ಮಾಡಿ. ಒಳಗೆ ನಿಂತೇ ‘ಚೂರು ಹಿಂದ ಬಾ’ ಅನ್ನುವಾಗ ಡ್ರೈವರಿನ ಕಾಲು ಕ್ಲಚ್ಚಿನಿಂದ ಜಾರಿದರೆ ಎದೆ ಕಬ್ಬಿಣಕ್ಕೆ ಸಿಗುತ್ತದೆ.

ಪಿನ್ನಿನ ಕೆಳಗೆ ಲಾಕ್ ಇರಲೇಬೇಕು. ಮೊಳೆಯನ್ನೋ ತಂತಿಯನ್ನೋ ಸಿಕ್ಕಿಸಿದರೆ ತಗ್ಗುದಿಣ್ಣೆಯಲ್ಲಿ ಅದು ತುಂಡಾಗಿ, ಪಿನ್ ಮೇಲಕ್ಕೆ ಎಗರಿ, ಟ್ರೇಲರ್ ಕಳಚಿಕೊಳ್ಳುತ್ತದೆ. ಎಷ್ಟೋ ಟ್ರೇಲರ್‌ಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಮೂಕಿಯ ಕೆಳಗೆ ಸೇಫ್ಟಿ ಚೈನುಗಳನ್ನೂ ಒಂದಕ್ಕೊಂದು ಅಡ್ಡಡ್ಡ ಹಾಕಿ.

ಹೊಲ ಬಿಟ್ಟು ರಸ್ತೆಗೆ ಏರುವ ಮೊದಲು ಎಡಬಲದ ಎರಡು ಬ್ರೇಕ್ ಪೆಡಲ್‌ಗಳನ್ನು ಕೂಡಿಸುವ ಪಟ್ಟಿ ಹಾಕಿ. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಆ ಬದಿಗೆ ತಿರುಗಿ ಮಗುಚಬಹುದು. ತಿರುವಿನಲ್ಲಿ ಹಿಂದಿನ ಟ್ರೇಲರ್ ಇನ್ನಷ್ಟು ಒಳಗೆ ಕತ್ತರಿಸಿ ಬರುತ್ತದೆ, ಆದ್ದರಿಂದ ತಿರುವಿನ ಒಳಬದಿಗೆ ನಿಲ್ಲಬೇಡಿ.

ಎರೆ ಮಣ್ಣಿನಲ್ಲಿ ಗಾಡಿ ಸಿಕ್ಕಿಕೊಂಡಾಗ ಎಳೆಯುವ ಟ್ರ್ಯಾಕ್ಟರಿನ ಚೈನನ್ನು ಹಿಂಬದಿಯಲ್ಲಿ ಕೆಳಗಿರುವ ಎಳೆಯುವ ಪಟ್ಟಿಗೇ (ಡ್ರಾಬಾರ್) ಹಾಕಿ. ಹಿಂದಿನ ಆಕ್ಸಲ್‌ಗಿಂತ ಮೇಲೆ ಕಟ್ಟಿದರೆ ಮುಂದಿನ ಗಾಲಿ ಎದ್ದು, ಕ್ಲಚ್ ಒತ್ತುವಷ್ಟರಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಬೀಳುತ್ತದೆ. ಎಳೆಯುವಾಗ ಚೈನಿನ ಉದ್ದಕ್ಕಿಂತ ದೂರ ನಿಲ್ಲಿ.

ಯಾರ್ಡಿನ ಪಾಳಿಯಲ್ಲಿ ಟ್ರೇಲರ್ ಅಡಿ ಮಲಗುವುದು ರೂಢಿಯಾಗಿಬಿಟ್ಟಿದೆ. ಎಷ್ಟೇ ಚಳಿ ಇದ್ದರೂ ಅಲ್ಲಿ ಮಲಗಬೇಡಿ. ಸಾಲು ಮುಂದೆ ಸರಿದಾಗ ಬೇರೆಯವರು ಬಂದು ಗಾಡಿ ಚಾಲೂ ಮಾಡಬಹುದು. ಡ್ರೈವರ್ ಕೂಡ ಒಂದು ಸುತ್ತು ಹಾಕಿ, ಟಾರ್ಚ್ ಬಿಟ್ಟು ಗಾಡಿಯ ಅಡಿ ನೋಡಿ, ಹಾರ್ನ್ ಹೊಡೆದು, ಹತ್ತು ಎಣಿಸಿ ಹೊರಡಲಿ.

ಕಬ್ಬು ಇಳಿಸಲು ಕ್ರೇನಿನ ಹುಕ್ ಬಂದಾಗ ತಂತಿಹಗ್ಗ ಸಿಕ್ಕಿಸಿ ಕೆಳಗಿಳಿದು ದೂರ ಸರಿಯಿರಿ. ಹಗ್ಗ ಬಿಗಿಯುವಾಗ ಹೇರಿನ ಮೇಲಾಗಲಿ ಕೆಳಗಾಗಲಿ ಯಾರೂ ಇರಬಾರದು.