ಹಿಂದಿನ ಗೇಟಿನ ಬೀಗ

ಆರು ವರ್ಷದಿಂದ ನಾನು ವಿಶ್ವವಿದ್ಯಾಲಯವೊಂದರ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ನಾಲ್ಕು ಅಂತಸ್ತು, 212 ಮಕ್ಕಳು, ಎರಡು ಕಡೆ ಮೆಟ್ಟಿಲು. ಚಾರ್ಜ್ ತಗೊಂಡಾಗ ಒಂದು ಫೈಲ್ ಕೈಗೆ ಬಂತು. ಬೆಂಕಿ ಬಿದ್ದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲಿ ಸೇರಬೇಕು, ಎಲ್ಲವೂ ಅದರಲ್ಲಿತ್ತು. ಓದಿ ಸಮಾಧಾನವಾಗಿತ್ತು.

ಆ ಸಮಾಧಾನ ಒಂದೇ ರಾತ್ರಿಗೆ ಹೋಯಿತು. ಬೆಂಕಿ ಬಿದ್ದಾಗ ಹೊರಗೆ ಬರುವ ಅಭ್ಯಾಸವನ್ನು, ಅಂದರೆ ಡ್ರಿಲ್ ಅನ್ನು, ಹಗಲು ಮಾಡಿದರೆ ಅರ್ಧ ಮಕ್ಕಳು ಕ್ಲಾಸಿನಲ್ಲಿರುತ್ತಾರೆ. ಹಾಸ್ಟೆಲ್ ತುಂಬುವುದು ರಾತ್ರಿ. ಹಾಗಾಗಿ "ಈ ವಾರ ಒಂದು ರಾತ್ರಿ ಡ್ರಿಲ್ ಇರುತ್ತೆ" ಎಂದಷ್ಟೇ ಹೇಳಿ, ಮೆಟ್ಟಿಲ ಹತ್ತಿರ ಟಾರ್ಚ್ ಕೊಟ್ಟು ಸಿಬ್ಬಂದಿ ನಿಲ್ಲಿಸಿ, ರಾತ್ರಿ ಎರಡು ಗಂಟೆಗೆ ಮೇನ್ ಸ್ವಿಚ್ ಆಫ್ ಮಾಡಿಸಿದೆ. ಬೆಂಕಿ ಬಿದ್ದರೆ ಕರೆಂಟ್ ತೆಗೆಯಲೇಬೇಕಲ್ವಾ? ಬೆಲ್ ಒತ್ತಿದೆ. ಸದ್ದೇ ಇಲ್ಲ. ಬೆಲ್ಲೂ ಅದೇ ಲೈನಿನದು.

ಬಾಗಿಲು ಬಡಿದು ಎಬ್ಬಿಸಿದೆವು. ಹಿಂದಿನ ಮೆಟ್ಟಿಲಿಂದ ಇಳಿದವರು ಕೆಳಗೆ ಬಂದು ನಿಂತರು. ಕಬ್ಬಿಣದ ಗೇಟಿಗೆ ಬೀಗ. ಅವರು ಒಳಗೆ, ನಾವು ಹೊರಗೆ. ವಾಚ್‌ಮನ್ ಅಣ್ಣ ಬೀಗದ ಕೈ ಗೊಂಚಲು ತಂದರು. ಹದಿನಾಲ್ಕು ಕೈ, ಒಂದಕ್ಕೂ ಗುರುತಿಲ್ಲ. ನಾನು ಟಾರ್ಚ್ ಹಿಡಿದಿದ್ದೆ. ಒಂದೊಂದೇ ಹಾಕಿ ತಿರುಗಿಸುವಾಗ ಅವರ ಬೆರಳು ನಡುಗುತ್ತಿತ್ತು. ಸರಳು ಹಿಡಿದು ನಿಂತಿದ್ದ ಹುಡುಗಿಯೊಬ್ಬಳು, "ಮೇಡಂ, ನಿಜವಾಗ್ಲೂ ಬೆಂಕಿ ಬಿದ್ದಿದ್ರೆ?" ಅಂದಳು. ಒಂಬತ್ತನೇ ಕೈಗೆ ಬೀಗ ಬಿಚ್ಚಿಕೊಂಡಿತು. ಕೊನೆಯವಳು ಹೊರಗೆ ಬರುವಾಗ 11 ನಿಮಿಷ ಆಗಿತ್ತು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದಾಗ 9 ಜನ ಸತ್ತರು. ಹೊಗೆ ತಾಳಲಾರದೆ ಕೆಲವರು ಮೇಲಿನಿಂದ ಹಾರಿದರು. ಅಲ್ಲೂ ತುರ್ತು ಬಾಗಿಲಿಗೆ ಬೀಗವಿತ್ತು. ಹೊಗೆ ಮೇಲಕ್ಕೇ ಏರುತ್ತದೆ, ಮೆಟ್ಟಿಲ ಜಾಗ ಚಿಮಣಿಯಾಗಿಬಿಡುತ್ತದೆ. ಒಂದು ಮೆಟ್ಟಿಲಲ್ಲಿ ಹೊಗೆ ತುಂಬಿದರೆ ಉಳಿಯುವುದು ಇನ್ನೊಂದೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೀಗ ಯಾಕೆ ಹಾಕಿದ್ದರು ಅಂತ ಗೊತ್ತು. ಹೆತ್ತವರ ಭಯ. ಆ ಭಯ ಸುಳ್ಳಲ್ಲ. ಆದರೆ ಹೊರಗಿನವರನ್ನು ತಡೆಯಲು ಹೋಗಿ ನಾವು ಒಳಗಿನವರನ್ನೇ ಕೂಡಿಹಾಕಿದ್ದೆವು. ಬೀಗ ತೆಗೆಸಿ ಒಳಗಡೆಯಿಂದ ಚಿಲಕ ಇಡಿಸಿದೆ. ಹೊರಗಿನಿಂದ ಕೈ ತೂರಿಸದ ಹಾಗೆ ತಗಡು ಹೊಡೆಸಿದೆ. ಗೇಟ್ ತೆಗೆದ ಕೂಡಲೇ ಕೂಗುವ ಬ್ಯಾಟರಿ ಅಲಾರಂ ಕೂರಿಸಿದೆ. ಪೋಷಕರ ಸಭೆಯಲ್ಲಿ ತಂದೆಯೊಬ್ಬರು ಜೋರಾಗಿಯೇ ವಿರೋಧಿಸಿದರು. ಅವರನ್ನು ಗೇಟಿನ ಹತ್ತಿರ ಕರೆದುಕೊಂಡು ಹೋಗಿ, "ನೀವೇ ಚಿಲಕ ತೆಗೀರಿ" ಅಂದೆ. ಅಲಾರಂ ಕೂಗಿತು, ವಾಚ್‌ಮನ್ ಅಣ್ಣ ಓಡಿ ಬಂದರು. "ಸರಿ ಮೇಡಂ, ಇದು ಇರಲಿ" ಅಂದರು ಆ ತಂದೆ.

ಪ್ರತಿ ಅಂತಸ್ತಿಗೂ ರೈಲು ಕಂಬಿಯ ತುಂಡು ತೂಗುಹಾಕಿದ್ದೇವೆ, ಹಳೇ ಶಾಲೆಗಳಲ್ಲಿ ಇರುತ್ತಿತ್ತಲ್ಲ, ಅಂಥದ್ದು. ಅದನ್ನು ಬಾರಿಸಲು ಕರೆಂಟ್ ಬೇಡ. ಮೆಸ್ಸಿನ ಅಕ್ಕ ರಾತ್ರಿ ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಪ್ರತಿ ರೂಮಿನ ಬಾಗಿಲ ಹಿಂದೆ ನಂಬರ್‌ಗಳಿವೆ: ತುರ್ತಿಗೆ 112, ಗ್ಯಾಸ್ ಸೋರಿದರೆ 1906, ಮನಸ್ಸು ಕುಸಿದಾಗ ಮಾತಾಡಲು ಟೆಲಿ ಮಾನಸ್ 14416. ಪರೀಕ್ಷೆ ಹೊತ್ತಿನಲ್ಲಿ ಈ ಕೊನೇದನ್ನು ಮಕ್ಕಳಿಗೆ ಬಾಯಲ್ಲೂ ಹೇಳುತ್ತೇನೆ. ಬರೀ ಅಂಟಿಸಿದರೆ ಸಾಲದು. ಒಬ್ಬ ಹುಡುಗಿ ಶ್ರವಣ ಸಾಧನ ತೆಗೆದಿಟ್ಟು ಮಲಗುತ್ತಾಳೆ. ಅವಳನ್ನು ಎಬ್ಬಿಸಿ ಕೈಹಿಡಿದು ಕರೆತರುವ ಹೊಣೆಯನ್ನು ರೂಮ್‌ಮೇಟ್ ತಾನಾಗೇ ವಹಿಸಿಕೊಂಡಳು.

ಎರಡನೇ ಡ್ರಿಲ್‌ನಲ್ಲಿ ನಾಲ್ಕು ನಿಮಿಷಕ್ಕೆ ಎಲ್ಲರೂ ಹೊರಗೆ. ಆದರೆ ಲೆಕ್ಕ ತಾಳೆಯಾಗಲಿಲ್ಲ. ಆ ರಾತ್ರಿ ರಿಜಿಸ್ಟರ್ ಪ್ರಕಾರ 187, ಎಣಿಸಿದರೆ 184. ಮೂವರು ಸಹಿ ಮಾಡದೆ ಊರಿಗೆ ಹೋಗಿದ್ದರು. ನಿಜವಾದ ಬೆಂಕಿಯಾಗಿದ್ದರೆ ಅಗ್ನಿಶಾಮಕದವರು ಆ ಮೂವರನ್ನು ಹುಡುಕಿಕೊಂಡು ಹೊಗೆಯೊಳಗೆ ನುಗ್ಗುತ್ತಿದ್ದರು. ಈಗ ರಾತ್ರಿ ಒಂಬತ್ತೂವರೆಗೆ ಪ್ರತಿ ಅಂತಸ್ತಿನಲ್ಲೂ ಒಬ್ಬಳು ರೂಮಿಂದ ರೂಮಿಗೆ ಹೋಗಿ ಎಣಿಸುತ್ತಾಳೆ. ಆ ಲೆಕ್ಕ ಬರೆದ ಚೀಟಿ ಆಫೀಸಿನಲ್ಲಿ ಇರುವುದಿಲ್ಲ. ಕಟ್ಟಡದ ಹೊರಗೆ, ವಾಚ್‌ಮನ್ ಅಣ್ಣನ ಟೇಬಲ್ ಮೇಲೆ ಇರುತ್ತದೆ.